ಸಿಂಹದ ಬಾಯೊಳಗಿನ ಗುಂಡು

ತಾರಮಂಗಲಂನ ಕೈಲಾಸನಾಥರ್ ದೇವಾಲಯದ ಮಂಟಪಕ್ಕೆ ಕಾಲಿಟ್ಟವರನ್ನು ಹಿಡಿದು ನಿಲ್ಲಿಸುವುದು ಒಂದು ಕಲ್ಲಿನ ಗುಂಡು. ಸಿಂಹಮುಖದ ಯಾಳಿಯ ಬಾಯೊಳಗೆ ಅದು ಕುಳಿತಿದೆ. ಬೆರಳು ತೂರಿಸಿದರೆ ತಾಗುತ್ತದೆ, ತಳ್ಳಿದರೆ ಉರುಳುತ್ತದೆ, ಎಳೆದರೆ ಮಾತ್ರ ಹಲ್ಲುಸಾಲು ದಾಟಿ ಹೊರಬರುವುದಿಲ್ಲ. ಶಿಲ್ಪಿ ಅದನ್ನು ಬೇರೆಲ್ಲೋ ಮಾಡಿ ತಂದು ಒಳಗಿಟ್ಟವನಲ್ಲ. ಅದೇ ಶಿಲೆಯಿಂದ, ಆ ಬಾಯೊಳಗೇ ಕಡೆದು ಬಿಡಿಸಿದ್ದಾನೆ. ಇನ್ನೊಂದೆಡೆ ವಾಲಿ-ಸುಗ್ರೀವರ ಕಾಳಗವಿದೆ. ರಾಮನಿರುವ ಕಂಬದ ಬಳಿ ನಿಂತರೆ ವಾಲಿ ಕಾಣುತ್ತಾನೆ, ವಾಲಿಯ ಬಳಿ ನಿಂತರೆ ರಾಮ ಕಾಣುವುದಿಲ್ಲ ಎಂದು ಊರಿನವರು ಬಂದವರನ್ನೆಲ್ಲ ಅಲ್ಲಿ ಇಲ್ಲಿ ನಿಲ್ಲಿಸಿ ತೋರಿಸುತ್ತಾರೆ. ಚಾವಣಿಯಿಂದ ಇಳಿಬಿದ್ದ ಕಲ್ಲಿನ ಸರಪಳಿಗಳನ್ನು ನೋಡುವ ಹೊತ್ತಿಗೆ ಕತ್ತು ನೋಯತೊಡಗಿರುತ್ತದೆ.

ಸೇಲಂ ನಗರದಿಂದ ಪಶ್ಚಿಮಕ್ಕೆ ಸುಮಾರು 25 ಕಿ.ಮೀ. ದೂರದ ಈ ಊರು, ಗಟ್ಟಿ ಮುದಲಿಯಾರ್ ಎಂಬ ಪಾಳೆಯಗಾರ ವಂಶದ ವೈಭವದ ಕುರುಹು. ಕನ್ನಡಿಗರಿಗೂ ಇದು ತೀರ ಹೊರಗಿನ ನೆಲವಲ್ಲ. 17ನೆಯ ಶತಮಾನದಲ್ಲಿ ಮೈಸೂರು ಒಡೆಯರ ಪಡೆಗಳು ಈ ಸೀಮೆಗೆ ನುಗ್ಗಿದವು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಬಾರಾಮಹಲ್ ಮತ್ತು ಸೇಲಂ ಭಾಗವನ್ನು ಕುಂಪಣಿ ಸರ್ಕಾರಕ್ಕೆ ಬಿಟ್ಟುಕೊಡಬೇಕಾಯಿತು. ರಾಜ್ಯ ಹೋಯಿತು, ಭಾಷೆ ಉಳಿಯಿತು. ಹೊರಗೆ ತಮಿಳು, ಮನೆಯೊಳಗೆ ಮಗ್ಗದ ಸದ್ದಿನ ನಡುವೆ ಕನ್ನಡ ಎಂದು ಬದುಕುವ ದೇವಾಂಗ ನೇಕಾರ ಕುಟುಂಬಗಳು ಸೇಲಂ ಸೀಮೆಯಲ್ಲಿ ಇಂದಿಗೂ ಇವೆ.

ವೈದ್ಯವಿಜ್ಞಾನದ ಲೇಖನಕ್ಕೆ ಕಲ್ಲಿನ ಗುಂಡು ಯಾಕೆ ಬೇಕಾಯಿತು ಎಂದರೆ, ಇಂದಿನ ಆಕರಕೋಶ (ಸ್ಟೆಮ್ ಸೆಲ್) ಚಿಕಿತ್ಸೆಯ ಅತ್ಯಂತ ಸೂಕ್ಷ್ಮ ಸಮಸ್ಯೆ ಆ ಯಾಳಿಯ ಬಾಯಿಯ ಹಾಗೆಯೇ ಇದೆ. ರೋಗಿಯ ದೇಹದೊಳಗೆ ಕೋಟಿಗಟ್ಟಲೆ ಜೀವಕೋಶಗಳನ್ನು ಇಳಿಸಬಹುದು. ಇಳಿದ ಮೇಲೆ ಅವು ಎಲ್ಲಿ ನೆಲೆಸಿದವು, ಎಷ್ಟು ಬದುಕಿದವು, ಬದುಕಿದವು ಎಷ್ಟಾಗಿ ಬೆಳೆದವು ಎಂದು ಅರಿಯಲು ಅವನ್ನು ಹೊರತೆಗೆದು ನೋಡುವಂತಿಲ್ಲ. ಈ ಸಮಸ್ಯೆಗೆ ವಿಜ್ಞಾನಿಗಳು ಕಂಡುಕೊಂಡ ಉಪಾಯವೂ ಆ ಶಿಲ್ಪಿಯದೇ. ಗುರುತನ್ನು ಹೊರಗಿನಿಂದ ಅಂಟಿಸದೆ, ಜೀವಕೋಶದ ವಂಶವಾಹಿಯೊಳಗೇ ಕಡೆದುಬಿಡುವುದು. ಅದರ ಹೆಸರು ರಿಪೋರ್ಟರ್ ಜೀನ್. ಕನ್ನಡದಲ್ಲಿ ವರದಿಗಾರ ವಂಶವಾಹಿ ಎನ್ನೋಣ.

ಕಳುಹಿಸಿದವರು ಎಲ್ಲಿ ಹೋದರು?

ಆಕರಕೋಶ ಎಂಬುದು ದೇಹದ ಮೂಲಬಂಡವಾಳ. ತನ್ನಂತಹದೇ ಇನ್ನೊಂದು ಕೋಶವನ್ನು ಹುಟ್ಟಿಸುವ ಶಕ್ತಿ, ಬೇಕೆಂದಾಗ ರಕ್ತವೋ ಸ್ನಾಯುವೋ ನರವೋ ಆಗಿ ಪರಿಣಮಿಸುವ ಶಕ್ತಿ, ಇವೆರಡೂ ಅದಕ್ಕೆ ಜನ್ಮತಃ ಒದಗಿವೆ. ಅಸ್ಥಿಮಜ್ಜೆಯಲ್ಲಿ ಅಂತಹ ಕೋಶಗಳಿವೆ ಎಂಬುದನ್ನು ಕೆನಡಾದ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಕ್ 1960ರ ದಶಕದ ಆರಂಭದಲ್ಲಿ ತೋರಿಸಿದರು. 2006ರಲ್ಲಿ ಜಪಾನಿನ ಶಿನ್ಯಾ ಯಮನಾಕ, ಪೂರ್ಣ ಬೆಳೆದ ಇಲಿಯ ಚರ್ಮಕೋಶವನ್ನೇ ನಾಲ್ಕು ವಂಶವಾಹಿಗಳ ಬಲದಿಂದ ಮತ್ತೆ ಭ್ರೂಣಸದೃಶ ಬಾಲ್ಯಕ್ಕೆ ಮರಳಿಸಿದರು. ಆಮೇಲೆ ಆಸೆಗಳಿಗೆ ಎಲ್ಲೆಯೇ ಇಲ್ಲದಾಯಿತು. ಹೃದಯಾಘಾತದಿಂದ ಸತ್ತ ಸ್ನಾಯುವಿಗೆ ಹೊಸ ಸ್ನಾಯು, ನಡುಕರೋಗದ ಮೆದುಳಿಗೆ ಹೊಸ ನರಕೋಶ!

ಆಸೆಗೆ ಮೊದಲ ಪೆಟ್ಟು ಕೊಟ್ಟದ್ದು ಲೆಕ್ಕ. ಜರ್ಮನಿಯ ಹ್ಯಾನೋವರ್‌ನ ವೈದ್ಯರು ಹೃದಯಾಘಾತವಾದವರ ಸ್ವಂತ ಅಸ್ಥಿಮಜ್ಜೆಯ ಕೋಶಗಳಿಗೆ ವಿಕಿರಣಶೀಲ ಸಕ್ಕರೆಯನ್ನು ಉಣಿಸಿ, ಹೃದಯದ ರಕ್ತನಾಳದ ಮೂಲಕ ಒಳಗೆ ಬಿಟ್ಟು, ಸುಮಾರು ಒಂದು ಗಂಟೆಯ ನಂತರ ಪೆಟ್ ಸ್ಕ್ಯಾನ್ ಮಾಡಿದರು. 2005ರಲ್ಲಿ ಪ್ರಕಟವಾದ ಅವರ ಫಲಿತಾಂಶ ಅನೇಕರ ನಿದ್ದೆಗೆಡಿಸಿತು. ಹೃದಯದಲ್ಲಿ ಉಳಿದದ್ದು ಶೇ. 1.3ರಿಂದ 2.6ರಷ್ಟು ಮಾತ್ರ. ಉಳಿದವುಗಳಲ್ಲಿ ಬಹುಪಾಲು ಯಕೃತ್ತು ಮತ್ತು ಗುಲ್ಮದಲ್ಲಿ ಆರಾಮವಾಗಿ ಬೀಡುಬಿಟ್ಟಿದ್ದವು. ಆಯ್ದ ಆಕರಕೋಶಗಳನ್ನಷ್ಟೇ ಬಿಟ್ಟಾಗ ಪ್ರಮಾಣ ಶೇ. 14–39ರಷ್ಟಕ್ಕೆ ಏರಿತು ಎಂಬುದು ಸಮಾಧಾನ. ಆದರೂ ಮೈಸೂರಿಗೆಂದು ಬಸ್ಸು ಹತ್ತಿಸಿದ ನೂರು ಮಂದಿಯಲ್ಲಿ ಇಬ್ಬರು ಮಾತ್ರ ಮೈಸೂರಿನಲ್ಲಿ ಇಳಿದರೆ ಆ ಪ್ರಯಾಣವನ್ನು ಏನೆನ್ನಬೇಕು?

ಅದೇ ವರ್ಷ ನೆದರ್ಲೆಂಡ್ಸ್‌ನಿಂದ ಇನ್ನೊಂದು ವರದಿ ಬಂತು. ಚರ್ಮದ ಕ್ಯಾನ್ಸರ್ ಇದ್ದ ಎಂಟು ರೋಗಿಗಳ ದುಗ್ಧಗ್ರಂಥಿಗೆ ರೋಗನಿರೋಧಕ ಕೋಶಗಳನ್ನು ಚುಚ್ಚಲಾಗಿತ್ತು. ಅಲ್ಟ್ರಾಸೌಂಡ್ ನೋಡುತ್ತಲೇ, ನುರಿತ ಕೈಗಳೇ ಚುಚ್ಚಿದ್ದವು. ಕೋಶಗಳಿಗೆ ಕಬ್ಬಿಣದ ಅತಿಸೂಕ್ಷ್ಮ ಕಣಗಳನ್ನು ತುಂಬಿದ್ದರಿಂದ ಎಂಆರ್‌ಐಯಲ್ಲಿ ಅವು ಕಪ್ಪಾಗಿ ಕಂಡವು. ನೋಡಿದರೆ ನಾಲ್ವರಲ್ಲಿ ಸೂಜಿ ಗ್ರಂಥಿಯನ್ನೇ ತಪ್ಪಿಸಿ ಪಕ್ಕದ ಕೊಬ್ಬಿಗೆ ಹೋಗಿತ್ತು. ಚಿಕಿತ್ಸೆ ಫಲಿಸಲಿಲ್ಲ ಎಂದು ಎಷ್ಟು ಸಲ ಬರೆದಿದ್ದೇವೋ, ಅವುಗಳಲ್ಲಿ ಎಷ್ಟು ಸಲ ಚಿಕಿತ್ಸೆ ಸ್ಥಳಕ್ಕೆ ತಲುಪಿಯೇ ಇರಲಿಲ್ಲವೋ!

ತಲುಪದಿರುವುದಕ್ಕಿಂತ ಭೀಕರವಾದದ್ದು, ತಲುಪಿ ಹದ್ದುಮೀರುವುದು. ಅನುವಂಶಿಕ ನರರೋಗವೊಂದಕ್ಕೆ ಇಸ್ರೇಲಿನ ಬಾಲಕನೊಬ್ಬನನ್ನು ಮಾಸ್ಕೋಗೆ ಕರೆದೊಯ್ದು ಭ್ರೂಣದ ನರ ಆಕರಕೋಶಗಳನ್ನು ಮೆದುಳಿಗೆ ಹಾಕಿಸಲಾಗಿತ್ತು. ಮೊದಲ ಚಿಕಿತ್ಸೆಯಾಗಿ ನಾಲ್ಕು ವರ್ಷಗಳ ನಂತರ ಮೆದುಳು ಮತ್ತು ಬೆನ್ನುಹುರಿಯಲ್ಲಿ ಗೆಡ್ಡೆಗಳು ಕಂಡವು. ಪರೀಕ್ಷಿಸಿದಾಗ ಆ ಗೆಡ್ಡೆಯ ಕೋಶಗಳು ಬಾಲಕನದ್ದಾಗಿರಲಿಲ್ಲ, ದಾನಿಗಳದ್ದಾಗಿದ್ದವು. 2009ರಲ್ಲಿ ಪ್ರಕಟವಾದ ಈ ಪ್ರಕರಣ ಆಕರಕೋಶ ಚಿಕಿತ್ಸೆಯ ಚರಿತ್ರೆಯಲ್ಲಿ ಒಂದು ಎಚ್ಚರಿಕೆಯ ಗಂಟೆ. ಕಳುಹಿಸಿದ ಕೋಶಗಳ ಮೇಲೆ ಆ ನಾಲ್ಕು ವರ್ಷವೂ ಒಂದು ಕಣ್ಣಿರುವಂತೆ ಮಾಡಲು ಸಾಧ್ಯವಿತ್ತೇ?

ಬಣ್ಣ ಮತ್ತು ಜರಿ

ಹ್ಯಾನೋವರ್‌ನ ಸಕ್ಕರೆಯಾಗಲಿ ನೆದರ್ಲೆಂಡ್ಸ್‌ನ ಕಬ್ಬಿಣವಾಗಲಿ, ಅವು ಕೋಶಕ್ಕೆ ಬಳಿದ ಬಣ್ಣ. ಮಗ್ಗದ ಮನೆಯಲ್ಲಿ ಹುಟ್ಟಿದ ಯಾರಿಗೂ ಇದರ ಮಿತಿಯನ್ನು ವಿವರಿಸಬೇಕಾಗಿಲ್ಲ. ನೇಯ್ದ ಬಟ್ಟೆಗೆ ಬಳಿದ ಬಣ್ಣ ಒಗೆದಂತೆಲ್ಲ ತೆಳುವಾಗುತ್ತದೆ. ಕೋಶ ಒಂದು ಎರಡಾದಾಗ ಬಣ್ಣ ಅರ್ಧರ್ಧ ಹಂಚಿಹೋಗುತ್ತದೆ. ಎರಡು ನಾಲ್ಕಾದಾಗ ಕಾಲು. ಇನ್ನೂ ದೊಡ್ಡ ಮೋಸವೊಂದಿದೆ. ಕೋಶ ಸತ್ತರೆ ಅದರೊಳಗಿನ ಕಬ್ಬಿಣ ಸಾಯುವುದಿಲ್ಲ. ಸತ್ತ ಕೋಶವನ್ನು ನುಂಗಿ ಸ್ವಚ್ಛಮಾಡುವ ಭಕ್ಷಕ ಕೋಶಗಳು ಆ ಕಬ್ಬಿಣವನ್ನೂ ನುಂಗಿ ಅಲ್ಲೇ ಕುಳಿತಿರುತ್ತವೆ. ಎಂಆರ್‌ಐ ಚಿತ್ರದಲ್ಲಿ ಅದೇ ಕಪ್ಪು ಚುಕ್ಕೆ ಅದೇ ಜಾಗದಲ್ಲಿ ಮೆರೆಯುತ್ತದೆ, ವೈದ್ಯರು ಕೋಶ ಬದುಕಿದೆ ಎಂದು ನಂಬುತ್ತಾರೆ. ಮನೆಯವರೆಲ್ಲ ಊರುಬಿಟ್ಟ ಮೇಲೂ ಬಾಗಿಲಲ್ಲಿ ಹೆಸರಿನ ಫಲಕ ತೂಗುತ್ತಿದ್ದಂತೆ.

ವರದಿಗಾರ ವಂಶವಾಹಿ ಹಾಸಿನಲ್ಲೇ ಸೇರಿಸಿದ ಜರಿ ಎಳೆ. ಮಗ್ಗಕ್ಕೆ ಹಾಸು ಕಟ್ಟುವಾಗಲೇ ಒಂದು ಎಳೆ ಜರಿ ಸೇರಿಸಿಬಿಟ್ಟರೆ ಎಷ್ಟು ಮೊಳ ನೇಯ್ದರೂ ಸೀರೆಯ ಉದ್ದಕ್ಕೂ ಅದು ಬರುತ್ತಲೇ ಇರುತ್ತದೆ. ಹಾಗೆಯೇ ಕೋಶದ ಡಿಎನ್‌ಎಯಲ್ಲಿ ಒಂದು ಹೊಸ ವಂಶವಾಹಿಯನ್ನು ಹೆಣೆದರೆ, ಕೋಶ ಒಡೆದು ಹುಟ್ಟುವ ಪ್ರತಿಯೊಂದು ಮರಿಕೋಶಕ್ಕೂ ಅದು ಪೂರ್ಣ ಪಾಲಾಗಿ ದಕ್ಕುತ್ತದೆ. ಆ ವಂಶವಾಹಿ ಒಂದು ವಿಶಿಷ್ಟ ಪ್ರೋಟೀನನ್ನು ತಯಾರಿಸುತ್ತದೆ. ಆ ಪ್ರೋಟೀನು ಬೆಳಕು ಚೆಲ್ಲಬಹುದು, ಹೊರಗಿನಿಂದ ಕೊಟ್ಟ ವಿಕಿರಣಶೀಲ ವಸ್ತುವನ್ನು ಹಿಡಿದಿಡಬಹುದು, ಕಬ್ಬಿಣವನ್ನು ಕೂಡಿಹಾಕಬಹುದು. ಪ್ರೋಟೀನು ತಯಾರಾಗಬೇಕಾದರೆ ಕೋಶ ಬದುಕಿರಬೇಕು. ಸತ್ತ ಕೋಶದ ವರದಿಗಾರ ಮೌನ. ಈ ಒಂದು ಗುಣವೇ ಇಡೀ ತಂತ್ರದ ಕಿರೀಟ ಎಂದು ನಾನು ಭಾವಿಸುತ್ತೇನೆ: ಹೇಳುವುದಕ್ಕಿಂತ, ಹೇಳುವುದನ್ನು ನಿಲ್ಲಿಸುವ ಪ್ರಾಮಾಣಿಕತೆ.

ಲೋಳೆಮೀನಿನಿಂದ ಹೃದಯದವರೆಗೆ

ಈ ವಿದ್ಯೆಯ ಆದಿಪರ್ವ ಕಡಲಿನಲ್ಲಿ ನಡೆಯಿತು. 1961ರ ಬೇಸಿಗೆಯಲ್ಲಿ ಒಸಾಮು ಶಿಮೊಮುರ ಎಂಬ ಜಪಾನೀ ರಸಾಯನಶಾಸ್ತ್ರಜ್ಞ ಅಮೆರಿಕದ ವಾಯವ್ಯ ಕರಾವಳಿಯ ಫ್ರೈಡೇ ಹಾರ್ಬರ್‌ನಲ್ಲಿ ಬಲೆ ಹಿಡಿದು ಲೋಳೆಮೀನು ಹಿಡಿಯುತ್ತ ನಿಂತಿದ್ದರು. ಅಂಚಿನಲ್ಲಿ ಹಸಿರಾಗಿ ಮಿನುಗುವ ಆ ಪ್ರಾಣಿಯ ಬೆಳಕಿನ ಗುಟ್ಟು ಅವರಿಗೆ ಬೇಕಾಗಿತ್ತು. 1962ರಲ್ಲಿ ಅವರು ಎರಡು ಪ್ರೋಟೀನುಗಳನ್ನು ವರ್ಣಿಸಿದರು. ಅವುಗಳಲ್ಲಿ ಒಂದೇ ಮುಂದೆ ಜಗದ್ವಿಖ್ಯಾತವಾದ ಹಸಿರು ಪ್ರತಿದೀಪ್ತ ಪ್ರೋಟೀನು, ಜಿಎಫ್‌ಪಿ. ಅದರ ವಂಶವಾಹಿಯನ್ನು 1992ರಲ್ಲಿ ಬಿಡಿಸಿದವರು ಡಗ್ಲಸ್ ಪ್ರ್ಯಾಷರ್. 1994ರಲ್ಲಿ ಮಾರ್ಟಿನ್ ಚಾಲ್ಫಿ ಅದನ್ನು ಒಂದು ಸೂಕ್ಷ್ಮ ಹುಳುವಿನ ನರಕೋಶಕ್ಕೆ ಸೇರಿಸಿ, ಜೀವಂತ ಪ್ರಾಣಿಯೊಳಗೆ ಹಸಿರು ದೀಪ ಹಚ್ಚಿ ತೋರಿಸಿದರು. ರೋಜರ್ ಚೆನ್ ಆ ಒಂದು ಹಸಿರನ್ನು ಹಲವು ಬಣ್ಣಗಳ ಓಕುಳಿಯಾಗಿಸಿದರು. 2008ರ ರಸಾಯನಶಾಸ್ತ್ರದ ನೊಬೆಲ್ ಶಿಮೊಮುರ, ಚಾಲ್ಫಿ, ಚೆನ್ ಮೂವರಿಗೆ ಸಂದಿತು. ಆ ಹೊತ್ತಿಗೆ ಪ್ರ್ಯಾಷರ್ ಸಂಶೋಧನೆಗೆ ಹಣ ಸಿಗದೆ ವಿಜ್ಞಾನವನ್ನೇ ಬಿಟ್ಟು, ಅಲಬಾಮದಲ್ಲಿ ಕಾರು ಮಾರುವ ಅಂಗಡಿಯೊಂದರ ಗಿರಾಕಿಗಳನ್ನು ವ್ಯಾನಿನಲ್ಲಿ ಬಿಟ್ಟುಬರುವ ಚಾಲಕರಾಗಿದ್ದರು. ಚಾಲ್ಫಿ ಮತ್ತು ಚೆನ್ ತಮ್ಮ ಖರ್ಚಿನಲ್ಲಿ ಅವರನ್ನು ಸ್ಟಾಕ್‌ಹೋಮ್‌ನ ಸಮಾರಂಭಕ್ಕೆ ಕರೆದೊಯ್ದರು. ವಿಜ್ಞಾನದ ಪ್ರಶಸ್ತಿಗಳ ಗಣಿತ ಮೂರಕ್ಕೇ ನಿಲ್ಲುತ್ತದೆ.

ಎರಡನೆಯ ದೀಪ ನಮ್ಮ ಮಲೆನಾಡಿನ ಮಕ್ಕಳಿಗೂ ಪರಿಚಿತ. ಮಳೆಗಾಲಕ್ಕೆ ಮುಂಚಿನ ರಾತ್ರಿಗಳಲ್ಲಿ ಮರಕ್ಕೆ ಮರವೇ ಮಿನುಗುವಂತೆ ಮಾಡುವ ಮಿಂಚುಹುಳುವಿನದು ಅದು. ಹುಳುವಿನ ದೇಹದಲ್ಲಿ ಲ್ಯೂಸಿಫೆರಿನ್ ಎಂಬ ವಸ್ತುವನ್ನು ಲ್ಯೂಸಿಫರೇಸ್ ಎಂಬ ಕಿಣ್ವ ಆಮ್ಲಜನಕದೊಡನೆ ಬೆಸೆಯುತ್ತದೆ, ಬೆಳಕು ಹೊಮ್ಮುತ್ತದೆ. ಈ ಕ್ರಿಯೆಗೆ ಎಟಿಪಿ ಎಂಬ ಜೀವಕೋಶದ ಇಂಧನವೂ ಬೇಕು. ಇಂಧನವಿದ್ದಲ್ಲಿ ಮಾತ್ರ ದೀಪ. ಕಿಣ್ವದ ವಂಶವಾಹಿಯನ್ನು 1985ರಲ್ಲಿ ಬಿಡಿಸಿದರು. ಹತ್ತು ವರ್ಷದ ನಂತರ ಕ್ರಿಸ್ಟೋಫರ್ ಕಾಂಟ್ಯಾಗ್ ಮತ್ತು ಸಂಗಡಿಗರು ಬೆಳಗುವ ಬ್ಯಾಕ್ಟೀರಿಯಾಗಳನ್ನು ಇಲಿಯೊಳಗೆ ಬಿಟ್ಟು, ಕತ್ತಲೆ ಪೆಟ್ಟಿಗೆಯಲ್ಲಿಟ್ಟು, ಚರ್ಮದ ಆಚೆಯಿಂದಲೇ ಆ ಬೆಳಕನ್ನು ಚಿತ್ರಿಸಿದರು. ಇಲಿಯನ್ನು ಕೊಯ್ಯದೆ ಇಲಿಯ ಒಳಗನ್ನು ದಿನದಿನವೂ ನೋಡುವ ಯುಗ ಹೀಗೆ ಆರಂಭವಾಯಿತು.

ಇಲಿಗೆ ಸರಿ, ಮನುಷ್ಯನಿಗೆ? ರಾತ್ರಿ ಟಾರ್ಚನ್ನು ಅಂಗೈಗೆ ಒತ್ತಿ ಹಿಡಿದು ಕೈ ಕೆಂಪಾಗುವುದನ್ನು ನೋಡದ ಮಗು ಇಲ್ಲ. ಅಷ್ಟು ಪ್ರಖರ ಬೆಳಕೂ ಅಂಗೈಯ ದಪ್ಪಕ್ಕೇ ಬಳಲುತ್ತದೆ. ಕೆಲವು ಸೆಂಟಿಮೀಟರ್ ಮಾಂಸದೊಳಗೆ ಕೋಶವೊಂದರ ಕ್ಷೀಣ ದೀಪ ಕರಗಿಹೋಗುತ್ತದೆ. ಜಪಾನಿನ ರಿಕೆನ್ ಸಂಸ್ಥೆಯ ಅತ್ಸುಶಿ ಮಿಯಾವಾಕಿ ತಂಡ 2018ರಲ್ಲಿ ಕಿಣ್ವವನ್ನೂ ಲ್ಯೂಸಿಫೆರಿನನ್ನೂ ತಿದ್ದಿ, ಮಾರ್ಮೊಸೆಟ್ ಎಂಬ ಪುಟ್ಟ ಕೋತಿಯ ಮೆದುಳಿನ ಆಳದ ಬೆಳಕನ್ನು ಹೊರಗಿನಿಂದ ಹಿಡಿಯಿತು. ಅದ್ಭುತವೇ ಸರಿ. ಆದರೂ ಮನುಷ್ಯನ ಎದೆಗೂಡು ಕೋತಿಮರಿಯ ತಲೆಯಲ್ಲ. ದಪ್ಪ ಗೋಡೆ ದಾಟುವ ಸಂಕೇತ ಬೇಕು. ಅದು ಗಾಮಾ ಕಿರಣ.

ಅಂಬಾಲದ ಹುಡುಗ

ಇಲ್ಲಿಂದ ಮುಂದಿನ ಕಥೆಯ ನಾಯಕ ಹರಿಯಾಣದ ಅಂಬಾಲದಲ್ಲಿ 1962ರಲ್ಲಿ ಹುಟ್ಟಿದ ಸಂಜೀವ್ ಸ್ಯಾಮ್ ಗಂಭೀರ್. ಬಾಲ್ಯದಲ್ಲೇ ಅಮೆರಿಕ ಸೇರಿ, ಲಾಸ್ ಏಂಜಲೀಸ್‌ನಲ್ಲಿ ಓದಿ, 2003ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಬಂದ ಇವರು ಅಣುಮಟ್ಟದ ಚಿತ್ರಣವೆಂಬ ಶಾಸ್ತ್ರದ ನಿರ್ಮಾತೃಗಳಲ್ಲೊಬ್ಬರು. ನ್ಯೂಯಾರ್ಕಿನ ರೊನಾಲ್ಡ್ ಬ್ಲಾಸ್‌ಬರ್ಗ್ ತಂಡ ಮೊದಲೇ ಹಾಕಿದ್ದ ಹಾದಿಯಲ್ಲಿ ಅವರು ದೂರ ನಡೆದರು. ಆ ಹಾದಿಯ ಸಾಧನ ಕೇಳಿದರೆ ನಗು ಬರುತ್ತದೆ: ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸಿನ ಒಂದು ಕಿಣ್ವ, ಥೈಮಿಡಿನ್ ಕೈನೇಸ್.

ಈ ಕಿಣ್ವಕ್ಕೊಂದು ಚಾಳಿ. ಮನುಷ್ಯನ ಕಿಣ್ವ ಮುಟ್ಟದ ಕೆಲವು ಔಷಧದ ಅಣುಗಳಿಗೆ ಇದು ಫಾಸ್ಫೇಟ್ ಬಾಲ ಅಂಟಿಸುತ್ತದೆ. ಬಾಲ ಅಂಟಿದ ಅಣು ಕೋಶದ ಪೊರೆಯನ್ನು ದಾಟಿ ಹೊರಹೋಗಲಾರದು, ಒಳಗೇ ಸಿಕ್ಕಿಬೀಳುತ್ತದೆ. ಹಾಗಾದರೆ ಆ ಅಣುವಿಗೆ ವಿಕಿರಣಶೀಲ ಫ್ಲೋರಿನ್-18 ಸೇರಿಸಿ ರಕ್ತಕ್ಕೆ ಬಿಡುವುದು. ಸಾಮಾನ್ಯ ಕೋಶಗಳಿಂದ ಅದು ತೊಳೆದುಹೋಗುತ್ತದೆ. ವೈರಸ್ಸಿನ ವಂಶವಾಹಿ ಹೊತ್ತ, ನಾವು ಕಳುಹಿಸಿದ ಕೋಶಗಳಲ್ಲಿ ಮಾತ್ರ ಸೇರಿಕೊಂಡು, ಅದರ ಗಾಮಾ ಕಿರಣದಿಂದ ಪೆಟ್ ಸ್ಕ್ಯಾನಿನಲ್ಲಿ ಕೆಂಡದ ಹಾಗೆ ಹೊಳೆಯುತ್ತದೆ. ಇಷ್ಟೇ ಅಲ್ಲ. ಗ್ಯಾನ್‌ಸೈಕ್ಲೊವಿರ್ ಎಂಬ ವೈರಸ್ ನಿರೋಧಕ ಔಷಧವನ್ನು ಕೊಟ್ಟರೆ, ಅದೇ ಕಿಣ್ವ ಅದನ್ನು ವಿಷವಾಗಿಸಿ ತನ್ನ ಕೋಶವನ್ನು ತಾನೇ ಕೊಂದುಕೊಳ್ಳುತ್ತದೆ. ಸುದ್ದಿ ಕಳುಹಿಸುವವನೂ ಅವನೇ, ಅಗತ್ಯ ಬಿದ್ದರೆ ಬಾಗಿಲು ಹಾಕುವವನೂ ಅವನೇ. ಮಾಸ್ಕೋದ ಆ ಕೋಶಗಳಲ್ಲಿ ಇಂತಹದೊಂದು ಬೀಗವಿದ್ದಿದ್ದರೆ ಎಂದು ಯೋಚಿಸದೆ ಇರಲಾಗುವುದಿಲ್ಲ.

ಗಂಭೀರ್ ಅವರ ಪ್ರಯೋಗಾಲಯದಲ್ಲಿ ಪೃಥಾ ರೇ ಮತ್ತು ಅಭಿಜಿತ್ ಡೇ ಎಂಬ ಇಬ್ಬರು ಭಾರತೀಯ ವಿಜ್ಞಾನಿಗಳಿದ್ದರು. 2004ರಲ್ಲಿ ಅವರು ಪ್ರಕಟಿಸಿದ ಕೃತಿ ಮೂರು ವರದಿಗಾರರನ್ನು ಒಂದೇ ಸರದಲ್ಲಿ ಪೋಣಿಸಿದ ವಂಶವಾಹಿ. ಕಡಲಜೀವಿಯೊಂದರ ಲ್ಯೂಸಿಫರೇಸ್, ಕೆಂಪು ಪ್ರತಿದೀಪ್ತ ಪ್ರೋಟೀನು, ಹರ್ಪಿಸ್ ಕಿಣ್ವ. ಸೂಕ್ಷ್ಮದರ್ಶಕದ ಕೆಳಗೆ ಕೆಂಪು, ಇಲಿಯಲ್ಲಿ ಬೆಳಕು, ದೊಡ್ಡ ದೇಹದಲ್ಲಿ ಪೆಟ್ ಚಿತ್ರ. ಒಂದೇ ಕೋಶವನ್ನು ಗಾಜಿನ ತಟ್ಟೆಯಿಂದ ಆಸ್ಪತ್ರೆಯವರೆಗೆ ಒಂದೇ ಗುರುತಿನಲ್ಲಿ ಹಿಂಬಾಲಿಸಬಹುದು. ಈ ಬಗೆಯ ತ್ರಿವಳಿಯನ್ನೇ ಬಳಸಿ ಸ್ಟ್ಯಾನ್‌ಫರ್ಡ್‌ನ ಹೃದ್ರೋಗತಜ್ಞ ಜೋಸೆಫ್ ವೂ ಅವರ ತಂಡ 2006ರಲ್ಲಿ ಭ್ರೂಣದ ಆಕರಕೋಶಗಳನ್ನು ಇಲಿಗಳ ಹೃದಯಕ್ಕೆ ಚುಚ್ಚಿ ವಾರವಾರವೂ ನೋಡಿತು. ಬೆಳಕು ವಾರದಿಂದ ವಾರಕ್ಕೆ ಏರುತ್ತಲೇ ಹೋಯಿತು. ಮೊದಲಿಗೆ ಸಂತೋಷಪಡುವ ಸಂಗತಿ. ಆದರೆ ಏರಿದ್ದು ಹೃದಯಸ್ನಾಯುವಲ್ಲ, ಟೆರಟೋಮ ಎಂಬ ಗೆಡ್ಡೆ. ಗ್ಯಾನ್‌ಸೈಕ್ಲೊವಿರ್ ಕೊಟ್ಟರು, ಬೆಳಕು ಆರಿತು, ಗೆಡ್ಡೆ ನಿಂತಿತು.

ಮನುಷ್ಯನ ಮೇಲೆ ಈ ತಂತ್ರದ ಮೊದಲ ದೊಡ್ಡ ಪರೀಕ್ಷೆ ನಡೆದದ್ದು ಆಕರಕೋಶಗಳಲ್ಲಲ್ಲ, ಅವುಗಳ ದಾಯಾದಿಗಳಾದ ಟಿ-ಕೋಶಗಳಲ್ಲಿ. ಮೆದುಳಿನ ಗ್ಲಯೋಮ ಎಂಬ ಮಾರಕ ಗೆಡ್ಡೆಯ ವಿರುದ್ಧ ಮಾರ್ಪಡಿಸಿದ ಟಿ-ಕೋಶಗಳನ್ನು ಒಬ್ಬ ರೋಗಿಯಲ್ಲಿ ಪೆಟ್ ಮೂಲಕ ಕಂಡದ್ದನ್ನು 2009ರಲ್ಲಿ, ಏಳು ರೋಗಿಗಳಲ್ಲಿ ಕಂಡದ್ದನ್ನು 2017ರಲ್ಲಿ ಗಂಭೀರ್ ತಂಡ ಪ್ರಕಟಿಸಿತು. ಕಳುಹಿಸಿದ ಸೈನಿಕರು ಶತ್ರುವಿನ ಕೋಟೆಯ ಬಳಿ ನಿಂತಿರುವುದನ್ನು ತಲೆಬುರುಡೆ ತೆರೆಯದೆ ನೋಡಿದ ಕ್ಷಣ ಅದು. ಎರಡು ವರದಿಗಳ ನಡುವಿನ ಅವಧಿಯಲ್ಲಿ, 2015ರಲ್ಲಿ, ಗಂಭೀರ್ ಅವರ ಒಬ್ಬನೇ ಮಗ 16ನೆಯ ವಯಸ್ಸಿನಲ್ಲಿ ಅದೇ ಜಾತಿಯ ಮೆದುಳಿನ ಗೆಡ್ಡೆಗೆ ಬಲಿಯಾಗಿದ್ದ. ಜಗತ್ತಿನ ಅತ್ಯುತ್ತಮ ಚಿತ್ರಗಳು ತಂದೆಯ ಕೈಯಲ್ಲಿದ್ದವು. 2020ರ ಜುಲೈ 18ರಂದು ಗಂಭೀರ್ ಅವರೂ ಕ್ಯಾನ್ಸರಿನಿಂದಲೇ ತೀರಿಕೊಂಡರು.

ನಮ್ಮದೇ ಮನೆಯ ಸಾಕ್ಷಿ

ಹರ್ಪಿಸ್ ಕಿಣ್ವಕ್ಕೆ ಎರಡು ಕೊರತೆಗಳಿವೆ. ವೈರಸ್ಸಿನ ಪ್ರೋಟೀನು ಪರಕೀಯವಾದ್ದರಿಂದ ದೇಹದ ರಕ್ಷಣಾವ್ಯವಸ್ಥೆ ಅದನ್ನು ಹೊತ್ತ ಕೋಶವನ್ನೇ ಹೊಡೆದುಹಾಕಬಹುದು. ಅದರ ವಿಕಿರಣಶೀಲ ಔಷಧ ಆರೋಗ್ಯವಂತ ಮೆದುಳಿನ ತಡೆಗೋಡೆಯನ್ನು ದಾಟದು. ಆದ್ದರಿಂದ ಸಂಶೋಧಕರ ಕಣ್ಣು ಮನುಷ್ಯನದೇ ವಂಶವಾಹಿಗಳತ್ತ ತಿರುಗಿತು. ಥೈರಾಯ್ಡ್ ಗ್ರಂಥಿ ರಕ್ತದಿಂದ ಅಯೋಡಿನ್ ಹೀರಲು ಬಳಸುವ ಸೋಡಿಯಂ ಅಯೋಡೈಡ್ ವಾಹಕದ ವಂಶವಾಹಿಯನ್ನು 1996ರಲ್ಲಿ ಗುರುತಿಸಲಾಗಿತ್ತು. ಅಯೋಡಿನ್ ಉಪ್ಪಿನ ಪ್ರಚಾರ ಕೇಳಿ ಬೆಳೆದ ನಮಗೆ ಈ ಗ್ರಂಥಿಯ ಹಸಿವು ಗೊತ್ತೇ ಇದೆ. ಆ ಹಸಿವನ್ನು ಹೃದಯಕ್ಕೆ ಹಾಕುವ ಕೋಶಕ್ಕೆ ಎರವಲು ಕೊಟ್ಟರೆ, ಆಸ್ಪತ್ರೆಗಳಲ್ಲಿ ದಿನನಿತ್ಯ ಬಳಸುವ ಟೆಕ್ನೀಷಿಯಂ ಇಲ್ಲವೇ ವಿಕಿರಣಶೀಲ ಅಯೋಡಿನ್ ಆ ಕೋಶಗಳಲ್ಲಿ ಹೋಗಿ ಕೂರುತ್ತದೆ. 2012ರಲ್ಲಿ ಯೂರೋಪಿನ ತಂಡವೊಂದು ಯಮನಾಕ ಬಗೆಯಲ್ಲಿ ಬಾಲ್ಯಕ್ಕೆ ಮರಳಿಸಿದ ಮನುಷ್ಯನ ಪ್ರೇರಿತ ಆಕರಕೋಶಗಳಿಗೆ ಈ ವಾಹಕವನ್ನು ತೊಡಿಸಿ, ಹೃದಯಾಘಾತಕ್ಕೊಳಗಾದ ಹಂದಿಗಳ ಹೃದಯದಲ್ಲಿ ವಾರಗಟ್ಟಲೆ ಅವನ್ನು ಗಾಮಾ ಕಿರಣ ಹಿಡಿಯುವ ಸ್ಪೆಕ್ಟ್ ಸ್ಕ್ಯಾನಿನಲ್ಲಿ ನೋಡಿತು. ಹಂದಿಯ ಹೃದಯ ಗಾತ್ರದಲ್ಲೂ ರಚನೆಯಲ್ಲೂ ನಮ್ಮದಕ್ಕೆ ಹತ್ತಿರ. ಹಾಗಾಗಿ ಇದು ಇಲಿಯ ಗೆಲುವಿಗಿಂತ ಬಹಳ ದೊಡ್ಡದು. ಎಂಆರ್‌ಐ ಪ್ರಿಯರು ಕಬ್ಬಿಣ ಕೂಡಿಡುವ ಫೆರಿಟಿನ್ ವಂಶವಾಹಿಯನ್ನು 2005ರಿಂದ ಪ್ರಯತ್ನಿಸುತ್ತ ಬಂದಿದ್ದಾರೆ. ಚಿತ್ರ ಸ್ಪಷ್ಟ, ಸಂಕೇತ ದುರ್ಬಲ.

ಜರಿ ಎಳೆಯನ್ನು ಹಾಸಿನಲ್ಲಿ ಎಲ್ಲಿ ಸೇರಿಸುತ್ತೇವೆ ಎಂಬುದು ಸಣ್ಣ ಪ್ರಶ್ನೆಯಲ್ಲ. ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟಿದ ಮಕ್ಕಳಿಗೆ ಪ್ಯಾರಿಸ್ಸಿನಲ್ಲಿ ಸುಮಾರು 25 ವರ್ಷಗಳ ಹಿಂದೆ ವಂಶವಾಹಿ ತಿದ್ದಿದ ಆಕರಕೋಶಗಳನ್ನು ಕೊಟ್ಟಾಗ ಮಕ್ಕಳು ಗುಣವಾದರು. ಆದರೆ ಕೆಲವರಲ್ಲಿ ಹೊಸ ವಂಶವಾಹಿ ತಪ್ಪು ಜಾಗದಲ್ಲಿ, ಕೋಶದ ಬೆಳವಣಿಗೆಯ ಗುಂಡಿಯ ಪಕ್ಕದಲ್ಲೇ ಕುಳಿತು ರಕ್ತದ ಕ್ಯಾನ್ಸರನ್ನು ತಂದಿತು. ಅಂದಿನಿಂದ ಸುರಕ್ಷಿತ ತಾಣದ ಹುಡುಕಾಟ ನಡೆದಿದೆ. 19ನೆಯ ವರ್ಣತಂತುವಿನಲ್ಲಿ ಅಂತಹದೊಂದು ತಾಣವನ್ನು ಈಗ ಕ್ರಿಸ್ಪರ್ ಕತ್ತರಿಯಿಂದ ನಿಖರವಾಗಿ ತಲುಪಿ, ವರದಿಗಾರನನ್ನು ಅಲ್ಲೇ ಕೂರಿಸುವುದು ರೂಢಿಯಾಗುತ್ತಿದೆ.

ವೆಲ್ಲೂರಿನ ಐವರು

ತಾರಮಂಗಲಂ ಇರುವ ರಾಜ್ಯದಲ್ಲೇ ಮಾರ್ಪಡಿಸಿದ ಆಕರಕೋಶಗಳ ಒಂದು ಐತಿಹಾಸಿಕ ಅಧ್ಯಾಯ ಬರೆದದ್ದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು. ಅಲ್ಲಿನ ಆಕರಕೋಶ ಸಂಶೋಧನಾ ಕೇಂದ್ರ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಅಂಗವೂ ಹೌದು. ಡಾ. ಅಲೋಕ್ ಶ್ರೀವಾಸ್ತವ ನೇತೃತ್ವದ ತಂಡ ತೀವ್ರ ಹಿಮೊಫಿಲಿಯ-ಎ ಇದ್ದ, 22ರಿಂದ 41 ವಯಸ್ಸಿನ ಐವರ ಸ್ವಂತ ರಕ್ತ ಆಕರಕೋಶಗಳನ್ನು ತೆಗೆದು, ರಕ್ತ ಹೆಪ್ಪುಗಟ್ಟಿಸುವ 8ನೆಯ ಘಟಕದ ವಂಶವಾಹಿಯನ್ನು ಲೆಂಟಿವೈರಸ್ ವಾಹನದಲ್ಲಿ ಸೇರಿಸಿ ಅವರಿಗೇ ಮರಳಿಸಿತು. 2024ರ ಡಿಸೆಂಬರಿನಲ್ಲಿ ಪ್ರಕಟವಾದ ಫಲಿತಾಂಶದಂತೆ, ಕೋಶಗಳು ಬೇರೂರಿದ ಮೇಲೆ ಐವರಲ್ಲಿ ಒಬ್ಬರಿಗೂ ರಕ್ತಸ್ರಾವವಾಗಿಲ್ಲ. ಸಣ್ಣ ಪೆಟ್ಟಿಗೂ ಕೀಲೊಳಗೆ ರಕ್ತ ತುಂಬಿ ಕುಂಟುತ್ತ ಬೆಳೆದವರಿಗೆ ಇದು ಎರಡನೆಯ ಜನ್ಮ.

ಈ ಐವರಲ್ಲಿ ವರದಿಗಾರ ವಂಶವಾಹಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ರಕ್ತ ನಮ್ಮ ದೇಹದ ಅತ್ಯಂತ ಉದಾರ ಅಂಗ. ತೋಳಿನಿಂದ ಒಂದು ಸಿರಿಂಜು ತೆಗೆದರೆ ಒಳಗಿನ ಸಮಾಚಾರವೆಲ್ಲ ತಿಳಿಯುತ್ತದೆ. ಪ್ರತಿ ಕೋಶದಲ್ಲಿ ಹೊಸ ವಂಶವಾಹಿಯ ಎಷ್ಟು ಪ್ರತಿಗಳಿವೆ, 8ನೆಯ ಘಟಕ ಎಷ್ಟು ತಯಾರಾಗುತ್ತಿದೆ ಎಂದು ಅಳೆದರೆ ಸಾಕು. ಭಾರತದಲ್ಲಿ 1952ರಲ್ಲಿ ನೀಲಗಿರಿಯ ಬುಡಕಟ್ಟುಗಳಲ್ಲಿ ಮೊದಲು ಗುರುತಿಸಿದ ಕುಡಗೋಲು ಕಣ ರಕ್ತಹೀನತೆಗೂ ಇಂತಹ ಚಿಕಿತ್ಸೆ ಕೊಟ್ಟಾಗ ರಕ್ತವೇ ವರದಿ ಕೊಡುತ್ತದೆ. ಹೃದಯ, ಮೆದುಳು, ಬೆನ್ನುಹುರಿ ಹಾಗಲ್ಲ. ಅಲ್ಲಿಂದ ಚೂರು ಕಿತ್ತು ನೋಡುವುದೆಂದರೆ ಯಾಳಿಯ ಹಲ್ಲು ಮುರಿದು ಗುಂಡು ತೆಗೆದಂತೆ.

ಭಾರತದಲ್ಲಿ ಈ ನೋಟದ ವಿದ್ಯೆಗೆ ಮನೆಯೂ ಇದೆ. ಪೃಥಾ ರೇ ಮತ್ತು ಅಭಿಜಿತ್ ಡೇ ಸ್ಟ್ಯಾನ್‌ಫರ್ಡ್‌ನಿಂದ ಮರಳಿ, ಟಾಟಾ ಸ್ಮಾರಕ ಕೇಂದ್ರದ ನವಿಮುಂಬೈ ಖಾರ್ಘರ್ ಶಾಖೆಯಾದ ಆಕ್ಟ್ರೆಕ್‌ನಲ್ಲಿ ಪ್ರಯೋಗಾಲಯಗಳನ್ನು ಕಟ್ಟಿದರು. ಕ್ಯಾನ್ಸರ್ ಕೋಶ ಔಷಧಕ್ಕೆ ಬಗ್ಗದಾಗುವ ಬಗೆಯನ್ನು ಜೀವಂತ ಇಲಿಯಲ್ಲಿ ವರದಿಗಾರರ ಮೂಲಕ ನೋಡುವುದು, ಸ್ತನ ಕ್ಯಾನ್ಸರಿನಲ್ಲಿ ಅಯೋಡೈಡ್ ವಾಹಕವನ್ನು ಅಭ್ಯಸಿಸುವುದು ಅಲ್ಲಿನ ಕೆಲಸ. ಇನ್ನೊಂದು ಕಡೆ, ಪಾರ್ಶ್ವವಾಯುವಿನಿಂದ ಆಟಿಸಂವರೆಗೆ ಎಲ್ಲಕ್ಕೂ ಸ್ಟೆಮ್ ಸೆಲ್ ಎಂದು ಬೋರ್ಡು ಹಾಕಿದ ಕ್ಲಿನಿಕ್ಕುಗಳು ನಮ್ಮ ನಗರಗಳಲ್ಲಿ ಕಡಿಮೆಯೇನಿಲ್ಲ. ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ಅಂಗೀಕೃತ ಕಾಯಿಲೆಗಳಿಗೆ ರಕ್ತ ಆಕರಕೋಶಗಳ ಕಸಿ ಬಿಟ್ಟರೆ ಉಳಿದದ್ದೆಲ್ಲ ಅನುಮತಿ ಪಡೆದ ಪ್ರಯೋಗದೊಳಗೇ ನಡೆಯಬೇಕು, ಪ್ರಯೋಗಕ್ಕೆ ರೋಗಿಯಿಂದ ಹಣ ಪಡೆಯಬಾರದು. ನೀವು ಹಾಕುವ ಕೋಶ ಎಲ್ಲಿಗೆ ಹೋಗುತ್ತದೆ ಎಂದು ಅಂತಹ ಕ್ಲಿನಿಕ್ಕಿನಲ್ಲಿ ಕೇಳಿ ನೋಡುವುದು ಒಳ್ಳೆಯ ಪರೀಕ್ಷೆ.

ವರದಿಗಾರ ವಂಶವಾಹಿ ಇನ್ನೂ ದಿನನಿತ್ಯದ ಚಿಕಿತ್ಸೆಯ ಭಾಗವಾಗಿಲ್ಲ. ಬಂದರೆ ಅದಕ್ಕೆ ರಸ್ತೆಯ ಗಣಿತವೂ ಬೇಕಾಗುತ್ತದೆ. ಫ್ಲೋರಿನ್-18ರ ಅರ್ಧಾಯು 110 ನಿಮಿಷ. ಬೆಂಗಳೂರಿನ ಸೈಕ್ಲೊಟ್ರಾನಿನಲ್ಲಿ ತಯಾರಾದ ಔಷಧ ಸೀಸದ ಪೆಟ್ಟಿಗೆಯಲ್ಲಿ ಸೇಲಂಗೆ ಹೊರಟಿತೆನ್ನಿ, ನಾಲ್ಕು ಗಂಟೆಯ ದಾರಿ. ಹೊಸೂರು ದಾಟಿ ಕೃಷ್ಣಗಿರಿ ಬಿಡುವ ಹೊತ್ತಿಗೆ ಅರ್ಧ ಕರಗಿರುತ್ತದೆ. ಧರ್ಮಪುರಿ ಕಳೆದು ತೊಪ್ಪೂರು ಘಟ್ಟ ಇಳಿಯುವಾಗ ಉಳಿಯುವುದು ಮೂರರಲ್ಲೊಂದು ಪಾಲು. ಸೇಲಂ ಮುಟ್ಟಿದಾಗ ಕಾಲುಭಾಗಕ್ಕೂ ಕಡಿಮೆ. ಇನ್ನೊಂದು ಹಾದಿಯೂ ಇದೆ: ಈಗ ಕೆಲವು ಸಂಶೋಧಕರು ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಗೆ ಆಸ್ಪತ್ರೆಗಳು ಈಗಾಗಲೇ ಬಳಸುತ್ತಿರುವ ಪಿಎಸ್‌ಎಂಎ ಎಂಬ ಪ್ರೋಟೀನನ್ನೇ ವರದಿಗಾರನನ್ನಾಗಿ ಮಾಡಲು ಹೊರಟಿದ್ದಾರೆ. ಅದನ್ನು ಕಾಣಿಸುವ ಗ್ಯಾಲಿಯಂ-68ರ ಅರ್ಧಾಯು ಇನ್ನೂ ಕಡಿಮೆ, 68 ನಿಮಿಷ. ಆದರೆ ಅದಕ್ಕೆ ಸೈಕ್ಲೊಟ್ರಾನೂ ಬೇಡ, ತೊಪ್ಪೂರು ಘಟ್ಟವೂ ಬೇಡ. ಜರ್ಮೇನಿಯಂ ತುಂಬಿದ, ಕೊಡಪಾನದಷ್ಟು ಗಾತ್ರದ ಜನರೇಟರ್ ಒಂದು ಆಸ್ಪತ್ರೆಯ ಕೋಣೆಯಲ್ಲಿ ಹಲವು ತಿಂಗಳು ಕುಳಿತು ಗ್ಯಾಲಿಯಂ ಕೊಡುತ್ತಿರುತ್ತದೆ. ಈ ಕೆಲಸಕ್ಕೆ ಪ್ರಯೋಗಾಲಯದವರು ಇಟ್ಟ ಹೆಸರು ಹಾಲು ಕರೆಯುವುದು. ಬೆಳಗ್ಗೆ ಒಮ್ಮೆ ಕರೆದರೆ, ಕೆಲವು ಗಂಟೆ ಬಿಟ್ಟು ಮತ್ತೊಮ್ಮೆ ಕರೆಯಬಹುದು.